ಗುಳಿಗೆಯ ಹೊತ್ತು

ನೋವು ಕೊಡುವ ರೋಗ ತನ್ನ ಔಷಧವನ್ನು ತಾನೇ ನೆನಪಿಸುತ್ತದೆ. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಸುಮ್ಮನಿರುತ್ತದೆ. ಅದು ಸುಮ್ಮನಿರುವಾಗಲೇ ದಿನವೂ ಗುಳಿಗೆ ನುಂಗಬೇಕು ಎನ್ನುವುದೇ ಈ ಔಷಧದ ಕಷ್ಟ.

*

"ಈಗ ಆರಾಮ ಅದೀನಿ, ಅದಕ್ಕ ಬಿಟ್ಟೀನ್ರಿ." ರಾಯಚೂರು ಸೀಮೆಯ ಪಾಮನಕಲ್ಲೂರಿನ ಸುತ್ತಮುತ್ತ ಗುಳಿಗೆ ಬಿಟ್ಟವರನ್ನು ಮಾತಾಡಿಸಿದರೆ ಮೊದಲು ಕಿವಿಗೆ ಬೀಳುವುದು ಈ ಮಾತು. ಜ್ವರ ಇಳಿದ ಮೇಲೆ ಜ್ವರದ ಗುಳಿಗೆ ಬಿಡುತ್ತೇವೆ, ಕೆಮ್ಮು ನಿಂತ ಮೇಲೆ ಕೆಮ್ಮಿನ ಔಷಧ ಬಿಡುತ್ತೇವೆ. ಚಿಕ್ಕಂದಿನಿಂದ ದೇಹ ಕಲಿಸಿದ ಲೆಕ್ಕ ಅದು. ಈ ರೋಗಕ್ಕೆ ಆ ಲೆಕ್ಕ ಹೊಂದುವುದಿಲ್ಲ, ಆರಾಮ ಇರುವುದೇ ಗುಳಿಗೆಯ ದೆಸೆಯಿಂದ ಎಂದು ಮೊದಲ ದಿನ ಕೂಡಿಸಿಕೊಂಡು ಹೇಳುವವರು ಬೇಕಿತ್ತು. ಹೊರಗೆ ಐವತ್ತು ಜನ ಸಾಲು ನಿಂತಿದ್ದ ದಿನ ಆ ಮಾತಿಗೆ ಹೊತ್ತು ಸಿಕ್ಕಿರುವುದಿಲ್ಲ.

*

ಗುಳಿಗೆ ಬರೆಯಲು ಒಂದು ನಿಮಿಷ ಸಾಕು. ಅದನ್ನು ಯಾಕೆ ಬಿಡಬಾರದೆಂದು ತಿಳಿಸಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷವೂ ಚಿಕಿತ್ಸೆಯೇ.

*

ಹಳ್ಳಿಯವರಿಗೆ ಶಿಸ್ತಿಲ್ಲ, ತಾಳ್ಮೆಯಿಲ್ಲ ಎನ್ನುವವರು 2020-21ರ ಪಾಮನಕಲ್ಲೂರನ್ನು ನೆನೆಯಬೇಕು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ರೈತರು ಇಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. 2021ರ ಏಪ್ರಿಲ್‌ನಲ್ಲಿ ಮಸ್ಕಿ ಉಪಚುನಾವಣೆ ಬಂದಾಗಲೂ ಆ ಬೇಡಿಕೆ ಊರೂರಲ್ಲಿ ಮಾತಾಗಿತ್ತು. ಒಂದೇ ಬೇಡಿಕೆಗೆ ದಿನವೂ ಬಂದು ಕೂರಬಲ್ಲ ಜನ ಒಂದು ಗುಳಿಗೆಯನ್ನು ದಿನವೂ ನುಂಗಬಲ್ಲರು. ನೀರು ಯಾಕೆ ಬೇಕೆಂದು ಅವರಿಗೆ ಯಾರೂ ತಿಳಿಸಿಕೊಡಬೇಕಿರಲಿಲ್ಲ. ಗುಳಿಗೆ ಯಾಕೆ ಬೇಕೆಂದು ತಿಳಿಸಿಕೊಡುವ ಕೆಲಸ ಇನ್ನೂ ಬಾಕಿ ಇದೆ.

*

ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಒಂದು ವರದಿ ಹೊರತಂದಿತು. ಸಿರಿವಂತ ದೇಶಗಳಲ್ಲೇ ದೀರ್ಘಕಾಲದ ರೋಗಗಳ ಔಷಧವನ್ನು ಹೇಳಿದ ಹಾಗೆ ತೆಗೆದುಕೊಳ್ಳುವವರು ಸರಾಸರಿ ಅರ್ಧದಷ್ಟು ಜನ ಮಾತ್ರ, ಬಡ ದೇಶಗಳಲ್ಲಿ ಇನ್ನೂ ಕಡಿಮೆ ಎಂದು ಅದು ಹೇಳಿತು. ಓದಿದವರೂ ಬಿಡುತ್ತಾರೆ, ಹಣವಿದ್ದವರೂ ಬಿಡುತ್ತಾರೆ. ಹೆಬ್ಬೆಟ್ಟು ಒತ್ತುವ ಒಬ್ಬ ಅವ್ವನನ್ನು ಮಾತ್ರ ನಿಲ್ಲಿಸಿ ಬೈಯುವುದು ಯಾವ ನ್ಯಾಯ?

*

ಬೈಸಿಕೊಂಡವರು ಮುಂದಿನ ಸಲ ಸುಳ್ಳು ಹೇಳುತ್ತಾರೆ. "ದಿನಾ ತಗೊಂತೀನ್ರಿ" ಎನ್ನುತ್ತಾರೆ. ಡಾಕ್ಟರು ಅದನ್ನು ನಂಬುತ್ತಾರೆ. ಗುಳಿಗೆ ತಗೊಂಡರೂ ಸಕ್ಕರೆ ಇಳಿದಿಲ್ಲವಲ್ಲ ಎಂದು ಇನ್ನೊಂದು ಗುಳಿಗೆ ಸೇರಿಸುತ್ತಾರೆ. ಒಂದು ದಿನ ಮಗಳು ತವರಿಗೆ ಬಂದು, ಅವ್ವನ ಮುಂದೆ ಕೂತು, ಬರೆದದ್ದನ್ನೆಲ್ಲ ಹೊತ್ತಿಗೆ ಸರಿಯಾಗಿ ನುಂಗಿಸುತ್ತಾಳೆ. ಅಂದು ಸಕ್ಕರೆ ಕುಸಿದು ಅವ್ವ ಅಂಗಳದಲ್ಲಿ ಬೀಳುತ್ತಾಳೆ. ಮನೆಯವರು ಮಗಳನ್ನು ದೂರುತ್ತಾರೆ, ಗುಳಿಗೆಯನ್ನು ದೂರುತ್ತಾರೆ. ಮೊದಲ ತಪ್ಪು ಆರು ತಿಂಗಳ ಹಿಂದಿನ ಆ ಬೈಗುಳದಲ್ಲಿತ್ತು.

*

ನಿಜ ಹೇಳಿದರೆ ಬೈಯದ ಒಬ್ಬರು ದವಾಖಾನೆಯಲ್ಲಿ ಇರಬೇಕು.

*

ಚೀಟಿಯಲ್ಲಿ "ಮುಂಜಾನೆ ತಿಂಡಿಗೆ ಮೊದಲು ಒಂದು" ಎಂದಿರುತ್ತದೆ. ಯಾರ ಮುಂಜಾನೆ? ಎಂಟು ಗಂಟೆಗೆ ಇಡ್ಲಿ ತಿಂದು ನೆರಳಿನಲ್ಲಿ ಕೂರುವವರ ಮುಂಜಾನೆ ಅದು. ಹತ್ತಿ ಬಿಡಿಸಲು ಹೋಗುವ ಹೆಣ್ಣುಮಗಳು ಒಂದು ಕಪ್ಪು ಚಹಾ ಕುಡಿದು, ಬುತ್ತಿ ಕಟ್ಟಿಕೊಂಡು, ಟಂಟಂ ಹತ್ತಿ ಹೊಲ ಸೇರುತ್ತಾಳೆ. ಅವಳು ಬುತ್ತಿ ಬಿಚ್ಚುವುದು ಹತ್ತೂವರೆಗೋ ಹನ್ನೊಂದಕ್ಕೋ. ಗ್ಲಿಮೆಪಿರೈಡ್‌ನಂಥ ಗುಳಿಗೆ ಅಷ್ಟು ಹೊತ್ತು ಕಾಯುವುದಿಲ್ಲ. ಹೊಟ್ಟೆಗೆ ಅನ್ನ ಬಂದಿದೆಯೋ ಇಲ್ಲವೋ ನೋಡದೆ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತದೆ. ಕೈ ನಡುಗುತ್ತದೆ, ತಣ್ಣಗೆ ಬೆವರು ಇಳಿಯುತ್ತದೆ, ಕಣ್ಣಿಗೆ ಕತ್ತಲೆ ಕಟ್ಟುತ್ತದೆ. ರಾಯಚೂರು ಸೀಮೆಯ ಬಿಸಿಲಿನಲ್ಲಿ ಬೆವರು ಯಾವುದರಿಂದ ಬಂತೆಂದು ಹೇಗೆ ಗೊತ್ತಾಗಬೇಕು? "ಆ ಗುಳಗಿ ನನಗ ಹೀಟ್ ಆಗ್ತದವ್ವ" ಎಂದು ಅವಳು ಮರುದಿನದಿಂದ ಬಿಡುತ್ತಾಳೆ. ಬಿಟ್ಟದ್ದಕ್ಕೆ ಅವಳ ಹತ್ತಿರ ಕಾರಣವಿತ್ತು. ಕಾರಣ ಕೇಳಿದ್ದರೆ ಗುಳಿಗೆಯನ್ನು ಬುತ್ತಿಯ ಹೊತ್ತಿಗೆ ಸರಿಸಬಹುದಿತ್ತು, ಇಲ್ಲವೇ ಸಕ್ಕರೆಯನ್ನು ಹಾಗೆ ಕುಸಿಸದ ಬೇರೆ ಗುಳಿಗೆ ಬರೆಯಬಹುದಿತ್ತು.

"ಯಾಕ ತಗೊಂಡಿಲ್ಲ?" ಎನ್ನುವ ಮೊದಲು "ಎಷ್ಟೊತ್ತಿಗೆ ಉಣ್ತೀಯವ್ವ?" ಎಂದು ಕೇಳಬೇಕು.

*

ಸಕ್ಕರೆ ಕಾಯಿಲೆಯವರ ಸೆರಗಿನ ತುದಿಯಲ್ಲಿ, ಅಂಗಿಯ ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇರಬೇಕು. ನಡುಕ ಬಂದಾಗ ಮೂರು ಚಮಚ ಸಕ್ಕರೆ ಬಾಯಿಗೆ, ಮೇಲೆ ನೀರು, ಹದಿನೈದು ನಿಮಿಷ ಕೂತು ಆಮೇಲೆ ಊಟ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಇದನ್ನು ಕಾಯಿಲೆಯವರಷ್ಟೇ ಅಲ್ಲ, ಅವರ ಜೊತೆ ಕೂಲಿಗೆ ಹೋಗುವವರೂ ತಿಳಿದಿರಬೇಕು.

*

"ಗುಳಗಿ ತಗೊಂಡ್ರ ಕಿಡ್ನಿ ಹೋಗ್ತಾವ." ಈ ಮಾತಿನಷ್ಟು ಗುಳಿಗೆ ಬಿಡಿಸಿದ ಮಾತು ಇನ್ನೊಂದಿಲ್ಲ. ಇದನ್ನು ಮೂಢನಂಬಿಕೆ ಎಂದು ತಳ್ಳುವ ಮೊದಲು ಅದು ಎಲ್ಲಿಂದ ಬಂತೆಂದು ನೋಡಬೇಕು. ಹತ್ತು ಹದಿನೈದು ವರ್ಷ ಸಕ್ಕರೆ ಏರಿದ್ದು ಒಬ್ಬ ಕಾಕಾನ ಮೂತ್ರಪಿಂಡ ಸೋಲುತ್ತದೆ. ಮೂತ್ರಪಿಂಡ ತೀರ ಸೋತಾಗ ಡಾಕ್ಟರು ಮೆಟ್‌ಫಾರ್ಮಿನ್ ನಿಲ್ಲಿಸುತ್ತಾರೆ, ಯಾಕೆಂದರೆ ಅದು ದೇಹದಿಂದ ಹೊರಹೋಗುವುದು ಮೂತ್ರದ ದಾರಿಯಲ್ಲಿ. ಮನೆಯವರು ಕಣ್ಣಾರೆ ಕಂಡದ್ದು ಇಷ್ಟು: ಕಾಕಾ ಗುಳಿಗೆ ತಿನ್ನುತ್ತಿದ್ದ, ಕಿಡ್ನಿ ಹೋಯಿತು, ಡಾಕ್ಟರೇ ಗುಳಿಗೆ ನಿಲ್ಲಿಸಿದರು. ಇದರಿಂದ ಅವರು ಕಟ್ಟಿಕೊಂಡ ತೀರ್ಮಾನ ತಪ್ಪು, ಆದರೆ ತಲೆಯಿಲ್ಲದ್ದಲ್ಲ. ನಿಲ್ಲಿಸುವ ದಿನ ಡಾಕ್ಟರು "ಕೆಡಿಸಿದ್ದು ಸಕ್ಕರೆ; ಕೆಟ್ಟ ಮೇಲೆ ಈ ಗುಳಿಗೆ ಸುರಕ್ಷಿತವಲ್ಲ, ಅದಕ್ಕೆ ಬದಲಿಸುತ್ತಿದ್ದೇನೆ" ಎಂದು ಮನೆಮಂದಿಯ ಎದುರು ಒಂದು ಮಾತು ಹೇಳಿದರೆ, ಆ ಓಣಿಯಲ್ಲಿ ಎಷ್ಟೋ ಕಿಡ್ನಿ ಉಳಿಯುತ್ತವೆ.

*

ವಾರಕ್ಕೆ ಎರಡೋ ಮೂರೋ ಸಲ ಬಸ್ಸು ಹಿಡಿದು ಡಯಾಲಿಸಿಸ್‌ಗೆ ಹೋಗುವುದು, ಪ್ರತಿಸಲ ನಾಲ್ಕು ತಾಸು ಮಲಗುವುದು, ಜೊತೆಗೆ ಬಂದ ಮಗನ ಅಂದಿನ ಕೂಲಿ ಹೋಗುವುದು. ಡಯಾಲಿಸಿಸ್ ಉಚಿತವಾದರೂ ಆ ಮನೆಯ ದುಡಿಮೆ ಉಳಿಯುವುದಿಲ್ಲ.

*

ಮೆಟ್‌ಫಾರ್ಮಿನ್ ಹೊಸ ಮದ್ದೇನಲ್ಲ. ಅದರ ಕಥೆಯ ಬೇರು ಯುರೋಪಿನಲ್ಲಿ ಹಿಂದಿನಿಂದ ಬಳಕೆಯಲ್ಲಿದ್ದ ಒಂದು ಗಿಡದಲ್ಲಿದೆ. ಈ ಮದ್ದನ್ನು ಮೊದಲು ತಯಾರಿಸಿದ್ದು 1922ರಲ್ಲಿ. 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟೆರ್ನ್ ಸಕ್ಕರೆ ಕಾಯಿಲೆಯವರಿಗೆ ಕೊಟ್ಟ ಫಲವನ್ನು ಪ್ರಕಟಿಸಿದ. ಗಿಡಮೂಲಿಕೆ ಒಳ್ಳೆಯದು, ಇಂಗ್ಲಿಷ್ ಔಷಧ ಕೆಟ್ಟದ್ದು ಎನ್ನುವ ಹಿರಿಯರಿಗೆ ಈ ಕಥೆ ಹೇಳಬೇಕು. ಇಂದು ಅದರ ಒಂದು ಗುಳಿಗೆಗೆ ಒಂದೆರಡು ರೂಪಾಯಿ. ಸರ್ಕಾರಿ ದವಾಖಾನೆಯಲ್ಲಿ ಕಾಸಿಲ್ಲ. ಮೊದಮೊದಲು ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಭೇದಿಯಾಗುತ್ತದೆ. ಕಡಿಮೆ ಪ್ರಮಾಣದಿಂದ ಶುರುಮಾಡಿ ಊಟದ ಜೊತೆ ತೆಗೆದುಕೊಂಡರೆ ಬಹಳ ಜನಕ್ಕೆ ಒಂದೆರಡು ವಾರದಲ್ಲಿ ಸರಿಹೋಗುತ್ತದೆ. ಹಾಗಾಗಬಹುದೆಂದು ಮೊದಲೇ ಹೇಳಿದ್ದರೆ ತಡೆದುಕೊಳ್ಳುತ್ತಾರೆ. ಹೇಳದೇ ಇದ್ದರೆ ಮೂರನೆಯ ದಿನಕ್ಕೆ ಗುಳಿಗೆಯ ಪಟ್ಟಿ ಜಂತಿಗೆ ಸೇರುತ್ತದೆ.

*

ಹಾಗಲಕಾಯಿ, ಮೆಂತ್ಯ, ನೇರಳೆ ಬೀಜದ ಪುಡಿ. ತಿನ್ನುವವರನ್ನು ತಡೆಯಬೇಕಿಲ್ಲ. ಅವು ಗುಳಿಗೆಯ ಜಾಗದಲ್ಲಿ ಕೂತಾಗ ಮಾತ್ರ ತಡೆಯಬೇಕು. ಬೆಲ್ಲ ಹಾಕಿದ ಚಹಾದಲ್ಲಿ ಸಕ್ಕರೆ ಇಲ್ಲ ಎಂಬ ನಂಬಿಕೆಯನ್ನು ಮಾತ್ರ ಎಲ್ಲಿ ಕಂಡರೂ ತಡೆಯಬೇಕು.

*

ಪರೀಕ್ಷೆಗೆ ಮೂರು ದಿನ ಇರುವಾಗ ಗುಳಿಗೆ ನುಂಗಿ, ಅನ್ನ ಬಿಟ್ಟು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರಕ್ತ ಕೊಟ್ಟರೆ ಅಂದಿನ ಸಕ್ಕರೆ ಇಳಿದಿರುತ್ತದೆ. ಎಚ್‌ಬಿಎ1ಸಿ ಎಂಬ ಪರೀಕ್ಷೆಗೆ ಹಾಗೆ ಮಾಡಲು ಬರುವುದಿಲ್ಲ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಅಷ್ಟೂ ದಿನ ಅದಕ್ಕೆ ಅಂಟಿದ ಸಕ್ಕರೆ, ಅಡತಿ ಅಂಗಡಿಯ ಖಾತೆ ಪುಸ್ತಕದ ಹಾಗೆ, ಎರಡು ಮೂರು ತಿಂಗಳ ಬಾಕಿಯನ್ನು ಒಟ್ಟಿಗೆ ತೋರಿಸುತ್ತದೆ. ಅದನ್ನು ಕಾಯಿಲೆಯವರನ್ನು ಹಿಡಿಯುವ ಸಾಕ್ಷಿಯೆಂದು ಬಳಸಬಾರದು. ಮುಂದಿನ ಮೂರು ತಿಂಗಳಿಗೆ ಏನು ಬದಲಿಸೋಣ ಎಂದು ಇಬ್ಬರೂ ಕೂತು ನೋಡುವ ಹಾಳೆ ಅದು.

*

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಲ್ಲಿ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ. ಇಷ್ಟು ಜನರ ರೋಗವನ್ನು ಕೂತು ಉಣ್ಣುವ ಸಾವಕಾರರ ರೋಗ ಎಂದು ಈಗಲೂ ಹೇಳುವವರಿದ್ದಾರೆ. ಆ ಮಾತು ನಂಬಿ "ನಾವು ದುಡಿಯೋ ಮಂದಿ, ನಮಗ್ಯಾಕ ಬರ್ತದ?" ಎಂದು ರಕ್ತ ಪರೀಕ್ಷೆಗೇ ಹೋಗದವರು ಎಷ್ಟೋ.

*

ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಮುಗಿಯಿತು. ಎಡದಂಡೆಯ ನೀರು ಬಂದ ಕಡೆ ಭತ್ತ ಬಂತು, ಸಿಂಧನೂರು ಅಕ್ಕಿಯ ಊರಾಯಿತು. ನೀರು ಬಾರದ ಎರಿ ಹೊಲದ ಮನೆಗೂ ಪಡಿತರದ ಅಕ್ಕಿ ಬಂತು. ಜೋಳದ ರೊಟ್ಟಿಯ ಗಂಗಾಳದಲ್ಲಿ ಅನ್ನ ಗುಡ್ಡೆಯಾಯಿತು. "ಅನ್ನ ಬಿಡ್ರಿ" ಎಂದು ಹೇಳುವುದು ಸುಲಭ. ಚೀಲದಲ್ಲಿ ಅಕ್ಕಿ ಇದ್ದು, ಜೋಳ ದುಡ್ಡು ಕೊಟ್ಟು ತರಬೇಕಾದ ಮನೆಗೆ ಹೇಳಬೇಕಾದ ಮಾತು ಬೇರೆ: ಅನ್ನ ಒಂದು ಸೌಟು ಕಡಿಮೆ ಮಾಡ್ರಿ, ಬೇಳೆ, ಹೆಸರುಕಾಳು, ಪುಂಡಿಪಲ್ಯ ಹೆಚ್ಚು ಮಾಡ್ರಿ. ರೊಟ್ಟಿಗೂ ಲೆಕ್ಕ ಬೇಕು. ಜೋಳ ಎಷ್ಟು ತಿಂದರೂ ಸಕ್ಕರೆ ಏರದು ಎನ್ನುವುದು ನಿಜವಲ್ಲ.

*

ಮದುವೆ ಮನೆಯಲ್ಲಿ ಹುಗ್ಗಿ ಬೇಡ ಎಂದವರಿಗೆ "ಒಂದಿನಕ್ಕ ಏನಾಗಂಗಿಲ್ಲ, ಉಣ್ರಿ ಮಾಮಾ" ಎಂದು ಬಡಿಸುವ ಕೈಯಲ್ಲಿ ಪ್ರೀತಿಯೇ ಇದೆ. ಒಂದು ಮದುವೆಯ ಕಾಲದಲ್ಲಿ ಅಂಥ ಒಂದು ದಿನ ಹದಿನೈದು ಸಲ ಬರುತ್ತದೆ. ಬೇಡ ಎಂದವರನ್ನು ಎರಡನೆಯ ಸಲ ಒತ್ತಾಯಿಸದಿರುವುದೂ ಪ್ರೀತಿಯೇ.

*

ಗಂಡನ ಗುಳಿಗೆ ಹೆಂಡತಿಗೆ ನೆನಪಿರುತ್ತದೆ. ಊಟದ ಜೊತೆ ನೀರಿನ ತಂಬಿಗೆ, ತಂಬಿಗೆಯ ಪಕ್ಕ ಗುಳಿಗೆ ಬಂದು ಕೂತಿರುತ್ತದೆ. ಅವಳ ಗುಳಿಗೆ ಯಾರಿಗೂ ನೆನಪಿರುವುದಿಲ್ಲ. ಎಲ್ಲರೂ ಉಂಡ ಮೇಲೆ ಅವಳು ಉಣ್ಣುವ ಹೊತ್ತಿಗೆ ಮುಸುರೆ, ದನದ ಮೇವು, ನಾಳಿನ ನೀರು. ಪಟ್ಟಿ ಮುಗಿದರೆ ಅವನದನ್ನು ಆ ದಿನವೇ ತರಿಸುತ್ತಾರೆ. ಅವಳದು ಸಂತೆಯ ದಿನಕ್ಕೆ, ಸಂತೆಯಲ್ಲಿ ದುಡ್ಡು ಉಳಿದರೆ. ಮನೆಯಲ್ಲಿ ಇಬ್ಬರಿಗೂ ಶುಗರ್ ಇದ್ದರೆ ಯಾರ ಗುಳಿಗೆ ಎಷ್ಟು ಉಳಿದಿವೆಯೆಂದು ಎಣಿಸಿ ನೋಡಿ. ಆ ಎಣಿಕೆಯನ್ನು ಗಂಡ ಮಾಡಲಿ ಎಂಬುದು ನನ್ನ ಬೇಡಿಕೆ.

*

ಔಷಧದ ಅಂಗಡಿಯಲ್ಲಿ ಹದಿನೈದರ ಪಟ್ಟಿಯಿಂದ ಆರನ್ನು ಕತ್ತರಿಸಿ ಕೊಡುತ್ತಾರೆ. ಹೆಸರು ಒಂದು ತುಂಡಿನಲ್ಲಿ ಹೋಗುತ್ತದೆ, ಅವಧಿ ಮುಗಿಯುವ ದಿನಾಂಕ ಇನ್ನೊಂದರಲ್ಲಿ. ಕೈಗೆ ಬರುವುದು ಹೆಸರಿಲ್ಲದ ಬೆಳ್ಳಿ ಹಾಳೆ. ಮುಂದಿನ ತಿಂಗಳು ಬೇರೆ ಕಂಪನಿಯದು ಬಂದರೆ ಬಣ್ಣ ಬೇರೆ, ಆಕಾರ ಬೇರೆ. ಕೆಲವರು ಇದು ನನ್ನದಲ್ಲ ಎಂದು ಬಿಡುತ್ತಾರೆ. ಕೆಲವರು ಹಳೆಯದನ್ನೂ ಹೊಸದನ್ನೂ ಎರಡನ್ನೂ ನುಂಗುತ್ತಾರೆ, ಅದು ಇನ್ನೂ ಅಪಾಯ. ಓದಲು ಬಾರದವರು ಬಣ್ಣದಿಂದ ಓದುತ್ತಾರೆ. ಅವರ ಅಕ್ಷರ ಬದಲಾದಾಗ ಅಂಗಡಿಯವರು ಒಂದು ಮಾತು ಹೇಳಬೇಕು: "ಯವ್ವಾ, ಬಣ್ಣ ಬ್ಯಾರೆ, ಗುಳಗಿ ಅದೇ. ಹಳೇದು ಇದ್ರ ಅದು ಮುಗಿದ ಮ್ಯಾಲೆ ಇದು."

*

ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಜನ ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತಾರೆ. ಗಂಟಿನಲ್ಲಿ ಹಿಟ್ಟು, ಹಾಸಿಗೆ, ಮಕ್ಕಳು. ಆರೋಗ್ಯ ಕೇಂದ್ರ ಕೊಟ್ಟ ಒಂದು ತಿಂಗಳ ಗುಳಿಗೆಯೂ ಇದ್ದರೆ ಇರುತ್ತದೆ. ಕಟ್ಟಡದ ಕೆಲಸ ಮೂರು ತಿಂಗಳು ನಡೆಯುತ್ತದೆ. ಎರಡನೆಯ ತಿಂಗಳು ಶುರುವಾಗುವ ದಿನ ಅವರ ಚಿಕಿತ್ಸೆ ನಿಂತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಊರಲ್ಲಿನ ದಾಖಲೆಯಲ್ಲಿ ಅವರು "ಬರಲಿಲ್ಲ" ಎಂದು ಬರೆಸಿಕೊಳ್ಳುತ್ತಾರೆ. ಮುದಗಲ್ಲಿನ ಮೊಹರಂಗೋ ಯುಗಾದಿಗೋ ಊರಿಗೆ ಬಂದಾಗ ಕಾಲಿನ ಗಾಯ ಜೊತೆಗೆ ಬಂದಿರುತ್ತದೆ.

2020ರ ಲಾಕ್‌ಡೌನಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ ಮೂರು ತಿಂಗಳವರೆಗಿನ ಔಷಧವನ್ನು ಒಟ್ಟಿಗೆ ಕೊಡಬಹುದೆಂದು ಸೂಚಿಸಿತ್ತು. ಸೋಂಕಿನ ಭಯಕ್ಕೆ ಆದದ್ದು ಹಸಿವಿನ ಗುಳೆಗೂ ಆಗಬೇಕು. ಸಕ್ಕರೆ ಹಿಡಿತದಲ್ಲಿರುವವರಿಗೆ ಮೂರು ತಿಂಗಳ ಗುಳಿಗೆ, ಜೊತೆಗೆ ಯಾವ ಊರಿನ ಡಾಕ್ಟರಾದರೂ ಓದಬಲ್ಲ ಹಾಗೆ ಬರೆದ ಒಂದು ಚೀಟಿ. ಇಷ್ಟಕ್ಕೆ ಹೊಸ ಯೋಜನೆಯೂ ಬೇಡ, ಹೊಸ ಕಟ್ಟಡವೂ ಬೇಡ.

*

ಕರ್ನಾಟಕ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಶುರುಮಾಡಿದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಿಗೆ ಹೋಗಿ ಬಿಪಿ, ಶುಗರ್ ನೋಡುವ, ಗುಳಿಗೆ ಮುಟ್ಟಿಸುವ ಯೋಜನೆ. ಬಾಗಿಲಿಗೆ ಹೋದವರು ಹೊಸ್ತಿಲ ಮೇಲೆ ಎರಡು ನಿಮಿಷ ಕೂತರೆ ಗೋಡೆಯ ಗೂಡಿನಲ್ಲಿ ಉಳಿದ ಹಳೆಯ ಗುಳಿಗೆಗಳೂ ಕಾಣುತ್ತವೆ. ಅಲ್ಲಿಂದ ಮಾತು ಶುರುವಾಗುತ್ತದೆ.

*

ಬ್ರಿಟನ್ನಿನಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಗೊತ್ತಾದವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಯುಕೆಪಿಡಿಎಸ್ ಅಧ್ಯಯನದ ಫಲ 1998ರಲ್ಲಿ ಬಂತು: ಸಕ್ಕರೆಯನ್ನು ಹೆಚ್ಚು ಬಿಗಿಯಾಗಿ ಹಿಡಿದಿಟ್ಟವರಲ್ಲಿ ಕಣ್ಣು, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳ ತೊಂದರೆ ಕಾಲು ಭಾಗದಷ್ಟು ಕಡಿಮೆ. ಮತ್ತೆ ಹತ್ತು ವರ್ಷ ಬಿಟ್ಟು, 2008ರಲ್ಲಿ ನೋಡಿದಾಗ ಎರಡೂ ಗುಂಪಿನವರ ಸಕ್ಕರೆ ಒಂದೇ ಮಟ್ಟಕ್ಕೆ ಬಂದು ಬಹಳ ಕಾಲವಾಗಿತ್ತು. ಆದರೂ ಮೊದಲ ವರ್ಷಗಳಲ್ಲಿ ಬಿಗಿ ಹಿಡಿದಿದ್ದವರಲ್ಲಿ ಹೃದಯಾಘಾತ ಕಡಿಮೆ, ಸಾವು ಕಡಿಮೆ. ಗುಳಿಗೆಯ ಬಗ್ಗೆ ನಾನು ಓದಿದ್ದರಲ್ಲಿ ಇದರಷ್ಟು ಧೈರ್ಯ ಕೊಡುವ ಸಂಗತಿ ಇನ್ನೊಂದಿಲ್ಲ. ಮೂವತ್ತೈದರ ಹುಡುಗ ಇಂದು ನುಂಗಿದ್ದು ಐವತ್ತೈದರಲ್ಲಿ ಅವನ ಕೈ ಹಿಡಿಯುತ್ತದೆ.

*

ಇನ್ಸುಲಿನ್ ಸೂಜಿ ಬಂದರೆ ಕೊನೆಯ ಹಂತ ಬಂತು ಎಂದು ತಿಳಿಯುವವರಿದ್ದಾರೆ. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಮೊದಲ ಸೂಜಿ ಚುಚ್ಚಿಸಿಕೊಂಡ ಲೆನಾರ್ಡ್ ಥಾಂಪ್ಸನ್‌ಗೆ ಹದಿನಾಲ್ಕು ವರ್ಷ. ಅವನು ಸಾವಿನ ಅಂಚಿಗೆ ಬಂದಿದ್ದ. ಶುದ್ಧಗೊಳಿಸಿದ ಇನ್ಸುಲಿನ್ ಸಿಕ್ಕ ಮೇಲೆ ಮತ್ತೆ ಹದಿಮೂರು ವರ್ಷ ಬದುಕಿದ. ಚಿಕ್ಕ ಮಕ್ಕಳಿಗೆ ಬರುವ ಬಗೆಯ ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಒಂದು ದಿನವೂ ತಪ್ಪುವಂತಿಲ್ಲ. ಗುಳಿಗೆ ತಪ್ಪಿದರೆ ವರ್ಷಗಳಲ್ಲಿ ಆಗುವ ಕೇಡು ಅಲ್ಲಿ ಕೆಲವೇ ದಿನಗಳಲ್ಲಿ ಆಗುತ್ತದೆ. ಅಂಥ ಮಗುವನ್ನು ಸೂಜಿ ಬಿಡಿಸಿ ತಾಯತಕ್ಕೆ ಕರೆದೊಯ್ಯುವವರನ್ನು ಕಂಡರೆ ಕೈ ಹಿಡಿದು ನಿಲ್ಲಿಸಬೇಕು.

*

ಫ್ರಿಜ್ಜಿಲ್ಲದ ಮನೆಯಲ್ಲಿ ಇನ್ಸುಲಿನ್ ಎಲ್ಲಿಡುವುದು? ಕೆನ್ಯಾದ ನಿರಾಶ್ರಿತರ ಶಿಬಿರದ ಶಾಖದಲ್ಲಿ ಇದನ್ನು ಅಳೆದು ನೋಡಿದ್ದಾರೆ. ದಿನದಲ್ಲಿ 25ರಿಂದ 37 ಡಿಗ್ರಿವರೆಗೆ ಏರಿಳಿಯುವ ಶಾಖದಲ್ಲಿ ನಾಲ್ಕು ವಾರ ಇಟ್ಟ ಇನ್ಸುಲಿನ್ ತನ್ನ ಶಕ್ತಿ ಕಳೆದುಕೊಂಡಿರಲಿಲ್ಲ ಎಂದು 2021ರಲ್ಲಿ ಪ್ರಕಟವಾಯಿತು. ನಮ್ಮ ಬೇಸಿಗೆ 40 ದಾಟುತ್ತದೆ, ತಗಡಿನ ಮನೆಯೊಳಗೆ ಇನ್ನೂ ಹೆಚ್ಚು. ಒದ್ದೆ ಉಸುಕಿನ ಮೇಲೆ ಮಣ್ಣಿನ ಗಡಿಗೆ, ಗಡಿಗೆಯೊಳಗೆ ನೀರು ತಾಕದಂತೆ ಡಬ್ಬಿ, ಡಬ್ಬಿಯಲ್ಲಿ ಬಳಕೆಯ ಸೀಸೆ. ಬಿಸಿಲಿನ ತಿಂಗಳುಗಳಲ್ಲಿ ಇದಿಷ್ಟು ಏರ್ಪಾಡು ಬೇಕೇ ಬೇಕು. ಇದನ್ನು ಸೂಜಿ ಬರೆದ ದಿನವೇ ತೋರಿಸಿಕೊಡಬೇಕು.

*

ಶ್ರಾವಣ ಸೋಮವಾರದ ಉಪವಾಸ, ರಂಜಾನಿನ ರೋಜಾ. "ಮಾಡಬ್ಯಾಡ್ರಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಜನ ಉಪವಾಸ ಬಿಡುವುದಿಲ್ಲ, ಡಾಕ್ಟರನ್ನು ಕೇಳುವುದನ್ನು ಬಿಡುತ್ತಾರೆ. ರೋಜಾಕ್ಕೆ ಒಂದು ತಿಂಗಳು ಮೊದಲೇ ಬಂದರೆ ಗುಳಿಗೆಯ ಪ್ರಮಾಣವನ್ನು ಇಫ್ತಾರ್, ಸಹರಿಯ ಹೊತ್ತಿಗೆ ಹೊಂದಿಸಬಹುದು. ಯಾರು ಹಿಡಿಯಬಾರದೆಂದೂ ಆಗಲೇ ಹೇಳಬಹುದು. ನಡುವೆ ಸಕ್ಕರೆ ಕುಸಿದರೆ ಕೂಡಲೇ ಉಪವಾಸ ಬಿಡಬೇಕು. ಕಾಯಿಲೆಯವರಿಗೆ ಆ ಬಿಡುವು ಧರ್ಮದಲ್ಲೇ ಇದೆ.

*

ಯುಗಾದಿಗೆ ಮುಂಚೆ ನಮ್ಮ ಭಾಗದ ರಸ್ತೆಗಳಲ್ಲಿ ಶ್ರೀಶೈಲಕ್ಕೆ ನಡೆದು ಹೋಗುವವರ ಸಾಲು ಕಾಣುತ್ತದೆ. ಎಷ್ಟೋ ಜನ ಬರಿಗಾಲಲ್ಲಿ, ಕಾದ ಡಾಂಬರಿನ ಮೇಲೆ. ಬಹುಕಾಲದ ಸಕ್ಕರೆ ಅಂಗಾಲಿನ ಅರಿವನ್ನು ಕೊಂದಿದ್ದರೆ ಬೊಬ್ಬೆ ಎದ್ದದ್ದೂ, ಒಡೆದದ್ದೂ, ಮುಳ್ಳು ನಟ್ಟದ್ದೂ ಗೊತ್ತಾಗುವುದಿಲ್ಲ. ನೋಯದ ಕಾಲು ಭಕ್ತಿಯ ಬಲದಿಂದ ನೋಯುತ್ತಿಲ್ಲ ಎಂದು ನಂಬಿ ಇನ್ನೂ ದೂರ ನಡೆಯುತ್ತಾರೆ. ನಡಿಗೆಯ ದಿನಗಳಲ್ಲಿ ಗುಳಿಗೆಯನ್ನು ಮನೆಯಲ್ಲೇ ಬಿಟ್ಟು ಹೋಗುವವರೂ ಇದ್ದಾರೆ, ಮಲ್ಲಯ್ಯ ನೋಡಿಕೊಳ್ಳುತ್ತಾನೆ ಎಂದು.

ದಾರಿಯುದ್ದಕ್ಕೂ ಊರವರು ಪೆಂಡಾಲು ಹಾಕಿ ನೀರು, ಮಜ್ಜಿಗೆ, ಅನ್ನ ಕೊಡುತ್ತಾರೆ, ಕೈಕಾಲು ಒತ್ತುತ್ತಾರೆ. ಆ ಪೆಂಡಾಲಿನಲ್ಲಿ ಶುಗರ್ ಇದ್ದವರಿಗೆ ಕೊಡಲು ಮೆತ್ತನೆಯ ಚಪ್ಪಲಿ ಒಂದಷ್ಟು ಇರಲಿ, ರಕ್ತ ನೋಡುವ ಸಣ್ಣ ಯಂತ್ರ ಒಂದಿರಲಿ. ಆರೋಗ್ಯ ಕೇಂದ್ರದ ಒಬ್ಬರು ಮಜ್ಜಿಗೆ ಕೊಡುವವರ ಪಕ್ಕದಲ್ಲೇ ಕೂತು ಬಂದವರನ್ನೆಲ್ಲ ಕೇಳಲಿ: "ಯಪ್ಪಾ, ಶುಗರ್ ಅದ ಏನು? ಅಂಗಾಲು ತೋರ್ಸು ನೋಡೋಣ. ಗುಳಗಿ ಚೀಲದಾಗ ಇಟ್ಕೊಂಡು ಬಂದೀ ಇಲ್ಲ?"